ಸಪ್ತಾಪುರದ ಒಂದು ರೀಡಿಂಗ್ ರೂಮ್: ಕಣ್ಣು, ಕಿವಿ, ಮೂಗು ಒಪ್ಪಿದ ಜಾಗ

ಧಾರವಾಡಕ್ಕೆ ಓದಲಿಕ್ಕೆ ಬಂದವರು ಮೊದಲು ರೂಮ್ ಹುಡುಕುತ್ತಾರೆ, ಆಮೇಲೆ ಖಾನಾವಳಿ, ಅದಾದ ಮೇಲೆ ರೀಡಿಂಗ್ ರೂಮ್. ಸಪ್ತಾಪುರದ ಯಾವ ಬೀದಿಗೆ ಹೋದರೂ ಬೋರ್ಡುಗಳಿವೆ, ಎಲ್ಲದರ ಮೇಲೂ ಅದೇ ಮಾತು: ಎ.ಸಿ., ವೈಫೈ, ಸಿಸಿ ಕ್ಯಾಮೆರಾ, ಪ್ರತ್ಯೇಕ ಕ್ಯಾಬಿನ್, ಫಿಲ್ಟರ್ ನೀರು. ದಿನಕ್ಕೆ ಆರೇಳು ತಾಸು ಒಂದೇ ಕುರ್ಚಿಯಲ್ಲಿ ಕೂತು ಓದುವವರಿಗೆ ನಿಜಕ್ಕೂ ಬೇಕಾದದ್ದು ಮಾತ್ರ ಬೋರ್ಡಿನ ಮೇಲೆ ಇರುವುದಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಯೇ, ಪಕ್ಕದವರ ಪಿಸುಮಾತು ಎಷ್ಟು ದೂರ ಕೇಳುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಒಳಗಿನ ಗಾಳಿ ಹೇಗಿರುತ್ತದೆ, ಟಾಯ್ಲೆಟ್ ಬಾಗಿಲು ತೆರೆದರೆ ಏನು ವಾಸನೆ ಬರುತ್ತದೆ ಎಂಬುದನ್ನೆಲ್ಲ ಒಳಗೆ ಕೂತೇ ತಿಳಿಯಬೇಕು. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತೆಯ ಕೆ-ಸೆಟ್ ಪರೀಕ್ಷೆಗೂ ಓದುತ್ತಿದ್ದೇನೆ. ಕಳೆದ ಮಳೆಗಾಲದಿಂದ ಹೋಗುತ್ತಿರುವ ರೀಡಿಂಗ್ ರೂಮಿನ ಬಗ್ಗೆ, ಹೊಸದಾಗಿ ಊರಿಗೆ ಬರುವ ತಂಗಿ ತಮ್ಮಂದಿರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹೆಸರು ಹಾಕಿಲ್ಲ. ಇರುವ ಸೀಟುಗಳೇ ಕಡಿಮೆ, ಪಿಡಿಒ, ಎಫ್‌ಡಿಎಯಂಥ ಸರ್ಕಾರಿ ಹುದ್ದೆಗಳ ನೋಟಿಫಿಕೇಶನ್ ಬಂದ ವಾರದಲ್ಲಿ ಜನರನ್ನು ವಾಪಸ್ ಕಳಿಸಬೇಕಾಗುತ್ತದೆ, ಅದಕ್ಕೇ ಮಾಲೀಕರು ಹೆಸರು ಬೇಡ ಎಂದರು. ಒಳರಸ್ತೆಯಲ್ಲಿ, ಒಂದು ಖಾನಾವಳಿಯ ಗೋಡೆಗೆ ಹತ್ತಿಕೊಂಡಿರುವ ಹಳೆಯ ಕಟ್ಟಡದ ಮೊದಲ ಮಹಡಿ. ಹಿಂದೆ ಅಲ್ಲಿ ಪ್ರಿಂಟಿಂಗ್ ಪ್ರೆಸ್ ಇತ್ತು. ಅಚ್ಚಿನ ಅಕ್ಷರದ ಮೊಳೆ ಜೋಡಿಸುವವರಿಗೆ ಬೆಳಕು ಬೇಕಲ್ಲ, ಹಾಗಾಗಿ ಉತ್ತರದ ಗೋಡೆಯ ಉದ್ದಕ್ಕೂ ಎತ್ತರದ ಕಿಟಕಿಗಳಿವೆ. ಆ ಪ್ರೆಸ್ ನಡೆಸುತ್ತಿದ್ದ ಕಾಕಾನೇ ಈಗ ರೀಡಿಂಗ್ ರೂಮ್ ನಡೆಸುತ್ತಾರೆ. ಫ್ಯಾನ್ ಇರುವ ದೊಡ್ಡ ಹಾಲ್‌ನಲ್ಲಿ ಸೀಟಿಗೆ ತಿಂಗಳಿಗೆ ₹800, ಹಿಂದಿನ ಎ.ಸಿ. ಕೋಣೆಯ ಕ್ಯಾಬಿನ್ನಿಗೆ ₹1,300. ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯುತ್ತದೆ, ರಾತ್ರಿ ಹತ್ತಕ್ಕೆ ಮುಚ್ಚುತ್ತದೆ.

ಬೆಳಕಿನ ವಿಷಯ ಮೊದಲು. ನನ್ನ ಪಕ್ಕದ ಸೀಟಿನವಳು ಇತಿಹಾಸದ ಎಂ.ಎ. ಓದುತ್ತಾಳೆ, ಅವಳಿಗೆ ಅರೆತಲೆನೋವು. ಸಂಜೆ ಲೈಟ್ ಹಾಕಿದ ಅರ್ಧ ತಾಸಿಗೆಲ್ಲ ಹುಬ್ಬಿನ ಮೇಲೆ ಬೆರಳು ಒತ್ತಿಕೊಂಡು ಕೂರುತ್ತಿದ್ದಳು. ಕನ್ನಡಕ ಬದಲಿಸು ಎಂದು ಮನೆಯವರು, ನಿದ್ದೆ ಸಾಲದು ಎಂದು ನಾವು. ಒಂದು ಸಂಜೆ ನಾನು ಮೊಬೈಲಿನ ಸ್ಲೋ ಮೋಷನ್ ಹಾಕಿ ಮೇಲಿನ ಟ್ಯೂಬನ್ನು ಚಿತ್ರೀಕರಿಸಿದೆ. ಬರಿಗಣ್ಣಿಗೆ ಸ್ಥಿರವಾಗಿ ಕಾಣುವ ಬೆಳಕು ಪರದೆಯ ಮೇಲೆ ಪಟಪಟನೆ ಹತ್ತಿ ಆರುತ್ತಿತ್ತು.

"ಕಾಕಾ, ಈ ಲೈಟ್ ಮಿಣುಕ್ತೈತ್ರಿ" ಅಂದೆ.

"ಎಲ್ಲಿ ಮಿಣುಕ್ತೈತಿ ತಂಗಿ? ದೀಪಾವಳಿಗೇ ಹೊಸಾ ಎಲ್‌ಇಡಿ ಹಾಕ್ಸೇನಲ್ಲ."

"ಕಣ್ಣಿಗೆ ಕಾಣಂಗಿಲ್ರಿ. ಒಂದ್ ಸಲ ಈ ಮೊಬೈಲ್‌ದಾಗ ನೋಡ್ರಿ."

ಕನ್ನಡಕ ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು. "ಅಯ್ಯ, ಇಷ್ಟ್ ಬಡ್ಕೊಳ್ಳಾಕತ್ತೈತೇನಿದು? ಪಾಪ, ಆ ಹುಡುಗಿ ತಲಿ ಏನ್ ಆಗ್ಬಾರ್ದು!"

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲಿ ಎರಡು ಸಲ ಏರಿ ಇಳಿಯುವುದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಡ್ರೈವರ್ (ಒಳಗೆ ಕರೆಂಟನ್ನು ಹದಗೊಳಿಸುವ ಭಾಗ) ಇರುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಇಷ್ಟು ವೇಗದ ಮಿಣುಕನ್ನು ಕಣ್ಣು 'ನೋಡುವುದಿಲ್ಲ', ಆದರೆ ಅದರ ಭಾರ ತಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಆರ್ನಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕಚೇರಿಯೊಂದರಲ್ಲಿ ಮಿಣುಕುವ ಟ್ಯೂಬುಗಳ ಬದಲು ಹೆಚ್ಚಿನ ಆವರ್ತದ ಎಲೆಕ್ಟ್ರಾನಿಕ್ ಚೋಕ್ ಹಾಕಿದಾಗ ಸಿಬ್ಬಂದಿಯ ತಲೆನೋವು, ಕಣ್ಣುನೋವು ಸರಾಸರಿ ಅರ್ಧಕ್ಕಿಂತ ಕೆಳಗಿಳಿದವು. ಯಾವಾಗ ಯಾವ ಚೋಕ್ ಇದೆ ಎಂಬುದು ಸಿಬ್ಬಂದಿಗೆ ಗೊತ್ತಿರಲಿಲ್ಲ. ಇದನ್ನು ನಾನು ಕಾಕಾಗೆ ಹೇಳಿದಾಗ ಅವರು ವಾದಕ್ಕೆ ನಿಲ್ಲಲಿಲ್ಲ. ಆ ವಾರವೇ ಸುಭಾಸ್ ರಸ್ತೆಗೆ ಹೋಗಿ, ಅಂಗಡಿಯಲ್ಲಿ ಒಂದೊಂದೇ ಟ್ಯೂಬ್ ಹಚ್ಚಿಸಿ, ಅದರ ಎದುರು ತಮ್ಮದೇ ಮೊಬೈಲ್ ಹಿಡಿದು, ಪರದೆಯ ಮೇಲೆ ಮಿಣುಕಿನ ಪಟ್ಟೆ ಕಾಣದ ಟ್ಯೂಬುಗಳನ್ನೇ ಆರಿಸಿ ತಂದರು. ಹಾಲ್‌ನ ನಾಲ್ಕೂ ಸಾಲಿನಲ್ಲಿ ಈಗ ಅವೇ ಇವೆ. ನನ್ನ ಗೆಳತಿಯ ತಲೆನೋವು ಪೂರ್ತಿ ಹೋಯಿತು ಎಂದು ಹೇಳಲಾರೆ, ಆದರೆ ರಾತ್ರಿ ಎಂಟಾದರೂ ಅವಳು ಹುಬ್ಬು ಒತ್ತಿಕೊಳ್ಳದೆ ಓದುವುದನ್ನು ದಿನಾ ನೋಡುತ್ತಿದ್ದೇನೆ. ಈ ರೀಡಿಂಗ್ ರೂಮಿಗೆ ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಈ ಒಂದಕ್ಕೇ ನಾನು ಅಂಕ ಕೊಡುತ್ತಿದ್ದೆ.

ಬೆಳಕಿನ ಪ್ರಮಾಣವೂ ಮುಖ್ಯ. ಓದು ಬರಹಕ್ಕೆ ಮೇಜಿನ ಮೇಲೆ 300ರಿಂದ 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಲ್ಯಾಬಿನ ಲಕ್ಸ್ ಮೀಟರ್ ಕೇಳಿ ತಂದು ಅಳೆದೆ. ಉತ್ತರದ ಕಿಟಕಿ ಪಕ್ಕದ ಸೀಟುಗಳಲ್ಲಿ ಹಗಲು ಲೈಟ್ ಹಾಕದೆಯೇ 400 ದಾಟುತ್ತದೆ, ಸೂರ್ಯನ ನೇರ ಬಿಸಿಲು ಪುಸ್ತಕದ ಮೇಲೆ ಬೀಳುವುದೂ ಇಲ್ಲ. ಹಿಂದಿನ ಎ.ಸಿ. ಕ್ಯಾಬಿನ್ನುಗಳಲ್ಲಿ ಮೂರೂ ಕಡೆ ಪ್ಲೈವುಡ್ ಅಡ್ಡ ಇರುವುದರಿಂದ 200 ಕೂಡ ಮುಟ್ಟುವುದಿಲ್ಲ. ಜೊತೆಗೆ ಅಲ್ಲಿ ಮೇಜಿಗೆ ಅಂಟಿಸಿರುವುದು ಹೊಳೆಯುವ ಬಿಳಿ ಸನ್‌ಮೈಕಾ. ತಲೆ ಬಗ್ಗಿಸಿದರೆ ಲೈಟಿನ ಪ್ರತಿಬಿಂಬ ನೇರ ಕಣ್ಣಿಗೆ. ಮೇಲೆ ಕಂದು ಬಣ್ಣದ ಡ್ರಾಯಿಂಗ್ ಶೀಟ್ ಹಾಸಿಕೊಂಡರೆ ಸ್ವಲ್ಪ ಸಹಿಸಬಹುದು. ದುಡ್ಡು ಹೆಚ್ಚು ಕೊಟ್ಟವರಿಗೆ ಕಡಿಮೆ ಬೆಳಕು ಸಿಗುವುದು ಸರಿಯಲ್ಲ. ಇದನ್ನು ಕಾಕಾಗೂ ಹೇಳಿದ್ದೇನೆ.

ಇನ್ನು ಸದ್ದು. ರೀಡಿಂಗ್ ರೂಮ್ ಅಂದರೆ ಸೂಜಿ ಬಿದ್ದರೂ ಕೇಳಬೇಕು ಎಂದು ಹಲವರು ಅಂದುಕೊಂಡಿದ್ದಾರೆ. ನನ್ನ ಅನುಭವ ಅದಕ್ಕೆ ಪೂರ್ತಿ ವಿರುದ್ಧ. ಮೊದಲು ಹೋಗುತ್ತಿದ್ದ ಇನ್ನೊಂದು ಜಾಗ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ನಾಲ್ಕು ಸಾಲು ಆಚೆ ಯಾರೋ ಹೈಲೈಟರ್ ಮುಚ್ಚಳ ತೆಗೆದರೂ ಎಲ್ಲರ ತಲೆ ಮೇಲೇಳುತ್ತಿತ್ತು. ಇಲ್ಲಿ ಹಾಲ್‌ನಲ್ಲಿ ಹಳೆಯ ಸೀಲಿಂಗ್ ಫ್ಯಾನುಗಳ ಒಂದೇ ಸಮದ ಗುಂಯ್ ಎನ್ನುವ ಸದ್ದಿದೆ. ಆ ಸದ್ದು ಐದು ನಿಮಿಷದಲ್ಲಿ ಕಿವಿಗೆ ಇಲ್ಲವಾಗುತ್ತದೆ, ಸಣ್ಣಪುಟ್ಟ ಸಪ್ಪಳಗಳನ್ನು ತನ್ನೊಳಗೆ ನುಂಗುತ್ತದೆ.

ಓದನ್ನು ಕೆಡಿಸುವುದು ಮಾತು. ಅದರಲ್ಲೂ ಪಿಸುಮಾತು. 1976ರಲ್ಲಿ ಕಾಲ್ ಮತ್ತು ವೆಲ್ಶ್ ಎಂಬ ಮನೋವಿಜ್ಞಾನಿಗಳು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಪ್ರಯೋಗಕ್ಕೆ ಬಂದವರಿಗೆ ಅಕ್ಷರಗಳ ಸಾಲನ್ನು ತೋರಿಸಿ ಅದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಲು ಹೇಳಿ, ಅದೇ ಹೊತ್ತಿಗೆ ಅವರಿಗೆ ಗೊತ್ತಿಲ್ಲದ ಜರ್ಮನ್ ಭಾಷೆಯ ಓದನ್ನು ಕೇಳಿಸಿದರು. ಒಂದು ಪದವೂ ಅರ್ಥವಾಗದಿದ್ದರೂ ನೆನಪು ಕೆಟ್ಟಿತು. ಏರಿಳಿಯುತ್ತ ಹೋಗುವ ಮಾತಿನ ದನಿಯೇ ಸಾಕು, ಅರ್ಥ ಬೇಕಿಲ್ಲ. ಎದುರು ಸಾಲಿನ ಇಬ್ಬರು 'ಮೆಲ್ಲಗೆ' ಡೌಟ್ ಬಿಡಿಸಿಕೊಳ್ಳುವಾಗ ನಾನು ಕ್ವಾಂಟಮ್ ಮೆಕ್ಯಾನಿಕ್ಸಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು ಯಾಕೆ ಎಂಬುದು ನನಗೆ ಆಗ ತಿಳಿಯಿತು.

ಕಾಕಾ ಇದಕ್ಕೆ ಮಾಡಿರುವ ವ್ಯವಸ್ಥೆ ಸರಳ. ಫೋನ್ ಬಂದರೆ ಮೆಟ್ಟಿಲು ಇಳಿದು ಕೆಳಗೇ ಹೋಗಬೇಕು, ಪ್ಯಾಸೇಜಿನಲ್ಲಿ ನಿಲ್ಲುವಂತಿಲ್ಲ. ಚರ್ಚೆಗೆ ಟೆರೇಸಿನ ಮೇಲೆ ತಗಡಿನ ನೆರಳು, ಎರಡು ಬೆಂಚು, ಒಂದು ಕರಿಹಲಗೆ. ಕುರ್ಚಿಗಳ ಕಾಲಿಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದಿದ್ದಾರೆ, ಎಳೆದರೂ ಕರ್ರ್ ಎನ್ನುವುದಿಲ್ಲ. ಮೊಬೈಲನ್ನು ಮೇಜಿನ ಮೇಲೆ ಇಡಬಾರದು, ಚೀಲದೊಳಗೇ ಇರಬೇಕು. ವೈಬ್ರೇಷನ್ ಮೋಡಿನಲ್ಲಿದ್ದರೆ ಸದ್ದಿಲ್ಲ ಎಂದು ನಾವು ಭಾವಿಸುತ್ತೇವೆ, ಆದರೆ ತಂಬೂರಿಗೆ ಬುರುಡೆ ಮಾಡುವ ಕೆಲಸವನ್ನೇ ಮೊಬೈಲಿಗೆ ಮೇಜಿನ ತೆಳು ಪ್ಲೈವುಡ್ ಮಾಡುತ್ತದೆ, ಸಣ್ಣ ಅದುರುವಿಕೆಯನ್ನು ಇಡೀ ಸಾಲಿಗೆ ಹಂಚುತ್ತದೆ. ನಿಯಮ ಮುರಿದವರನ್ನು ಕಾಕಾ ಎಲ್ಲರೆದುರು ಬೈಯುವುದಿಲ್ಲ. ಹತ್ತಿರ ಬಂದು ಮೇಜಿನ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ ಹೋಗುತ್ತಾರೆ. ಅಷ್ಟೇ ಸಾಕಾಗುತ್ತದೆ.

ಪಕ್ಕದ ಖಾನಾವಳಿಯ ವಿಷಯ ಹೇಳಲೇಬೇಕು, ಏಕೆಂದರೆ ಸೀಟು ನೋಡಲು ಬಂದವರು ಮೊದಲು ಅನುಮಾನ ಪಡುವುದು ಅದರ ಬಗ್ಗೆಯೇ. ಬೆಳಗ್ಗೆ ಹತ್ತರ ನಂತರ ಗೋಡೆಯಾಚೆ ಅಕ್ಕಂದಿರು ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಪಟ್ ಪಟ್ ಪಟ್ ಎಂಬ ಸದ್ದು ಒಂದೂವರೆಯವರೆಗೂ ನಡೆಯುತ್ತದೆ. ಅದರ ಲಯ ತಪ್ಪುವುದೇ ಇಲ್ಲ: ಮೊದಲು ಹಿಟ್ಟು ದಪ್ಪ ಇರುವಾಗ ಭಾರವಾದ ಪೆಟ್ಟು, ರೊಟ್ಟಿ ಅಗಲವಾಗುತ್ತ ಬಂದಂತೆ ಹಗುರ, ಆಮೇಲೆ ಹಂಚಿಗೆ ಹಾಕುವ ಒಂದು ಗಳಿಗೆಯ ಬಿಡುವು, ಮತ್ತೆ ಮೊದಲಿಂದ. ನನಗೆ ಈ ಸದ್ದು ಎಂದೂ ಅಡ್ಡಿಯಾಗಿಲ್ಲ. ಬದಲಿಗೆ ಬೆಳಗಿನ ಲೆಕ್ಕಗಳನ್ನು ಅದರ ಜೊತೆಗೇ ಬಿಡಿಸುತ್ತೇನೆ. ಊರಲ್ಲಿ ಅವ್ವ ರೊಟ್ಟಿ ಬಡಿಯುವಾಗ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು ನಾನು, ಕಿವಿಗೆ ಅದರ ರೂಢಿ ಇದೆ. ರೂಢಿ ಇಲ್ಲದವರಿಗೆ, ಮುಖ್ಯವಾಗಿ ಮೈಸೂರು, ಬೆಂಗಳೂರು ಕಡೆಯಿಂದ ಬಂದವರಿಗೆ, ಮೊದಲ ವಾರ ಕಷ್ಟ ಎನಿಸಬಹುದು. ಅಂಥವರು ಪೂರ್ವದ ಗೋಡೆಯ ಸೀಟು ಬಿಟ್ಟು ಬಾಗಿಲ ಕಡೆ ಕೇಳಿ ಪಡೆಯಿರಿ.

ಸದ್ದಿಗಿಂತ ದೊಡ್ಡ ಸವಾಲು ಅಲ್ಲಿಂದ ಬರುವ ವಾಸನೆ. ಹನ್ನೆರಡರ ಹೊತ್ತಿಗೆ ಬಳ್ಳೊಳ್ಳಿ ಒಗ್ಗರಣೆ, ಝುಣಕ ಕುದಿಯುವ ವಾಸನೆ, ಹಂಚಿನ ಮೇಲೆ ರೊಟ್ಟಿಯ ಅಂಚು ಸ್ವಲ್ಪ ಸೀದ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಒಂದು ಗಂಟೆಗೆ ಊಟ ಎಂದು ಯಾರು ಎಷ್ಟೇ ಟೈಮ್‌ಟೇಬಲ್ ಹಾಕಿಕೊಂಡರೂ ಹನ್ನೆರಡೂವರೆಗೆ ಇಡೀ ಹಾಲ್ ಖಾಲಿ. ಇದನ್ನು ದೋಷ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬೆಳಗ್ಗೆ ಬರೀ ಚಹಾ ಕುಡಿದು ಬಂದು, ಊಟ ಮರೆತು ಕೂತು, ಸಂಜೆ ತಲೆ ತಿರುಗಿ ಬೀಳುವ ಹುಡುಗಿಯರನ್ನು ಹಾಸ್ಟೆಲಿನಲ್ಲಿ ಕಂಡಿದ್ದೇನೆ. ಇಲ್ಲಿ ಅಂಥದ್ದು ಆಗುವುದಿಲ್ಲ, ಮೂಗೇ ಎಬ್ಬಿಸಿ ಊಟಕ್ಕೆ ಕಳಿಸುತ್ತದೆ.

ಗಾಳಿಯ ವಿಷಯಕ್ಕೆ ಬಂದರೆ ಎ.ಸಿ. ಕೋಣೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ತಂಪು ಹೋಗಬಾರದೆಂದು ಬಾಗಿಲು ಮುಚ್ಚಿ, ಹದಿನೈದು ಜನ ಉಸಿರಾಡುತ್ತ ಕೂತರೆ ನಾವು ಬಿಟ್ಟ ಉಸಿರನ್ನೇ ನಾವು ಎಳೆದುಕೊಳ್ಳುತ್ತಿರುತ್ತೇವೆ. ಹೊರಗಿನ ಗಾಳಿಯಲ್ಲಿ ಈಗ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕೋಣೆಯೊಳಗೆ 1,000 ಭಾಗ ಮೀರಿದರೆ ಗಾಳಿ ಹಳಸಿದೆ ಎಂದು ತಿಳಿಯಬೇಕು ಎಂಬ ಅಳತೆಯನ್ನು ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಷ್ಟು ಹಿಂದೆಯೇ ಕೊಟ್ಟಿದ್ದರು. ಪರಿಸರ ವಿಜ್ಞಾನ ಓದುವ ಜೂನಿಯರ್ ಒಬ್ಬಳು ಪ್ರಾಜೆಕ್ಟಿಗೆಂದು ಮೀಟರ್ ಹಿಡಿದು ಬಂದಾಗ ಮಧ್ಯಾಹ್ನ ಎ.ಸಿ. ಕೋಣೆಯಲ್ಲಿ ಅದು 2,000 ದಾಟಿತ್ತು, ಕಿಟಕಿ ತೆರೆದ ಹಾಲ್‌ನಲ್ಲಿ 700ರ ಆಸುಪಾಸಿತ್ತು. ಎ.ಸಿ. ಕೋಣೆಯಲ್ಲಿ ಕೂತವರು ಮೂರು ಗಂಟೆಗೆ ಪುಸ್ತಕದ ಮೇಲೆ ತಲೆಯಿಟ್ಟು ಮಲಗುವುದಕ್ಕೆ ಸೋಮಾರಿತನ ಕಾರಣವಲ್ಲ. ಕೋಣೆ ಬಿಟ್ಟು ಹೋಗಿ ಮತ್ತೆ ಒಳಗೆ ಕಾಲಿಟ್ಟಾಗ ಮಾತ್ರ ಆ ಮುಗ್ಗಲು ಗಾಳಿ ಗೊತ್ತಾಗುತ್ತದೆ, ಒಳಗೇ ಇದ್ದವರ ಮೂಗು ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಧಾರವಾಡದಲ್ಲಿ ವರ್ಷದ ಬಹುಪಾಲು ಫ್ಯಾನೇ ಸಾಕು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಮಾತ್ರ ಹಾಲ್ ಬಿಸಿಯಾಗುತ್ತದೆ, ಮೇಲೆ ಇನ್ನೊಂದು ಮಹಡಿ ಇರುವುದರಿಂದ ತಗಡಿನ ಮಾಳಿಗೆಯ ಜಾಗಗಳಷ್ಟು ಸುಡುವುದಿಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಇಲ್ಲಿನ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಎಲ್ಲರ ರೇನ್‌ಕೋಟು, ಕೊಡೆ, ಒದ್ದೆ ಸಾಕ್ಸು ಒಳಗೆ ಬಂದರೆ ಆ ಹಸಿ ವಾಸನೆಯಲ್ಲಿ ಪುಸ್ತಕ ತೆರೆಯಲು ಮನಸ್ಸಾಗುವುದಿಲ್ಲ. ಕಾಕಾ ಪ್ಯಾಸೇಜಿನಲ್ಲಿ ಮೊಳೆಗಳ ಸಾಲು ಹೊಡೆಸಿ, ಕೆಳಗೆ ಉದ್ದದ ತಗಡಿನ ತಟ್ಟೆ ಇಟ್ಟಿದ್ದಾರೆ, ನೀರೆಲ್ಲ ಅದರಲ್ಲಿ ಇಳಿಯುತ್ತದೆ. ಆದರೂ ದಕ್ಷಿಣದ ಮೂಲೆಯ ಪ್ಲೈವುಡ್ಡಿಗೆ ಆಗಸ್ಟಿನಲ್ಲಿ ಬೂಸ್ಟು ಹಿಡಿಯುತ್ತದೆ. ಅಲ್ಲಿ ಕೂತವರಿಗೆ ಸೀನು. ಧೂಳು, ಬೂಸ್ಟಿನ ಅಲರ್ಜಿ ಇರುವವರು ಆ ಮೂಲೆಗೆ ಒಪ್ಪಬೇಡಿ.

ಟಾಯ್ಲೆಟ್ಟಿನ ಬಗ್ಗೆ ಹುಡುಗರು ಬರೆಯುವ ರಿವ್ಯೂಗಳಲ್ಲಿ ಒಂದು ಸಾಲೂ ಇರುವುದಿಲ್ಲ, ನಾನು ಬಿಡಲಾರೆ. ಮೊದಲಿನ ಜಾಗದಲ್ಲಿ ಹುಡುಗ ಹುಡುಗಿಯರಿಗೆಲ್ಲ ಸೇರಿ ಒಂದೇ ಟಾಯ್ಲೆಟ್. ಬಾಗಿಲಿನಿಂದಲೇ ಮೂಗು ಮುಚ್ಚಿಕೊಳ್ಳಬೇಕು. ಹಾಗಾಗಿ ನಾವು ಕೆಲವರು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ಮುಂದೆ ಇದ್ದರೂ ಮುಟ್ಟುತ್ತಿರಲಿಲ್ಲ. ತಲೆ ಭಾರ, ತುಟಿ ಒಣಗುವುದು, ಕೊನೆಗೆ ಗೆಳತಿಯೊಬ್ಬಳಿಗೆ ಉರಿಮೂತ್ರವಾಗಿ ಇಂಟರ್ನಲ್ಸ್ ತಪ್ಪಿತು. ಒಂದು ಕೆಟ್ಟ ವಾಸನೆ ಒಬ್ಬ ಹುಡುಗಿಯ ಸೆಮಿಸ್ಟರನ್ನೇ ಕೆಡಿಸಬಲ್ಲದು. ಇಲ್ಲಿ ಹುಡುಗಿಯರಿಗೆ ಬೇರೆ ಟಾಯ್ಲೆಟ್ ಇದೆ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ ಇದೆ, ಮುಚ್ಚಳದ ಡಬ್ಬಿ ಇದೆ, ಬೆಳಗ್ಗೆ ಮತ್ತು ಮಧ್ಯಾಹ್ನ ಎರಡು ಸಲ ತೊಳೆಯುತ್ತಾರೆ. ತೊಳೆಯುವ ಅಕ್ಕನಿಗೆ ಗೌರವ ಕೊಟ್ಟು ಮಾತಾಡುವ ವಾತಾವರಣವೂ ಇದೆ. ನಾನು ಇಲ್ಲಿ ದಿನಕ್ಕೆ ಎರಡು ಬಾಟಲಿ ನೀರು ಆರಾಮಾಗಿ ಕುಡಿಯುತ್ತೇನೆ. ವೈಫೈ ವೇಗಕ್ಕಿಂತ ನನಗೆ ಇದು ಹೆಚ್ಚು.

ಕುರ್ಚಿ ಮರದ್ದು, ಹಳೇ ಪ್ರೆಸ್ಸಿನದೇ, ಬೆನ್ನು ನೆಟ್ಟಗೆ. ದಿಂಬು ಮನೆಯಿಂದ ತನ್ನಿ. ವೈಫೈ ಸಾಧಾರಣ. ಕೆಳಗಿನ ಗಾಡಿಯಲ್ಲಿ ಸಂಜೆ ಗಿರ್ಮಿಟ್, ಮಿರ್ಚಿ ಸಿಗುತ್ತದೆ, ಮೇಲೆ ತರುವಂತಿಲ್ಲ.

ಹಗಲು ವಿಶ್ವವಿದ್ಯಾಲಯದಲ್ಲಿ ಇರುವವರಿಗೆ ಬಸವನಾಳ ಗ್ರಂಥಾಲಯ ಇದ್ದೇ ಇದೆ. ಹಳೆಯ ಬೌಂಡ್ ಜರ್ನಲ್‌ಗಳ ಕಪಾಟುಗಳ ನಡುವೆ ನಿಂತಾಗ ಬರುವ ಆ ಕಾಗದದ ವಾಸನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ, ಅಲ್ಲಿ ರೆಫರೆನ್ಸ್ ಹುಡುಕುವುದೇ ಒಂದು ಸುಖ. ಆದರೆ ಬೆಳಗಿನ ಜಾವದ ಓದಿಗೆ, ಲ್ಯಾಬ್ ಮುಗಿಸಿ ಊಟ ಮಾಡಿ ಬಂದ ಮೇಲಿನ ಓದಿಗೆ ರೂಮಿನ ಹತ್ತಿರ ಒಂದು ಜಾಗ ಬೇಕು. ನಾಲ್ಕು ಜನ ಇರುವ ರೂಮಿನಲ್ಲಿ ಒಬ್ಬಳು ಮಲಗಿದರೆ ಲೈಟ್ ಆರಿಸಬೇಕು, ಒಬ್ಬಳು ಮನೆಗೆ ಫೋನ್ ಮಾಡುತ್ತಿರುತ್ತಾಳೆ, ಒಬ್ಬಳ ಕುಕ್ಕರ್ ಕೂಗುತ್ತಿರುತ್ತದೆ. ₹800 ಕೊಡುವುದು ಆ ಜಾಗಕ್ಕೆ.

ಆಗಬೇಕಾದ್ದು ಇನ್ನೂ ಇದೆ. ಮೆಟ್ಟಿಲಿನ ಮಧ್ಯದ ತಿರುವಿನಲ್ಲಿ ದೀಪವಿಲ್ಲ, ರಾತ್ರಿ ಒಂಬತ್ತರ ಮೇಲೆ ಇಳಿಯುವಾಗ ಕಾಲಿಗೆ ಮೆಟ್ಟಿಲು ತಡಕಾಡಬೇಕು. ಹುಡುಗಿಯರು ಗುಂಪಾಗಿಯೇ ಇಳಿಯುತ್ತೇವೆ. ಕರೆಂಟ್ ಹೋದರೆ ಇನ್ವರ್ಟರ್ ಲೈಟುಗಳಿಗೆ ಮಾತ್ರ ಸಾಕಾಗುತ್ತದೆ, ಫ್ಯಾನ್ ನಿಲ್ಲುತ್ತದೆ. ಫ್ಯಾನ್ ನಿಂತ ಕೂಡಲೇ ಅಷ್ಟು ಹೊತ್ತು ಅದು ಮುಚ್ಚಿಟ್ಟಿದ್ದ ಕೆಮ್ಮು, ಪುಟ ತಿರುವುವ ಸದ್ದು, ಕೆಳಗಿನ ಗಾಡಿಯವನ ಕೂಗು ಎಲ್ಲ ಒಮ್ಮೆಲೇ ಎದ್ದು ಬರುತ್ತವೆ. ಎರಡು ಫ್ಯಾನನ್ನಾದರೂ ಇನ್ವರ್ಟರಿಗೆ ಸೇರಿಸಿ ಎಂದು ಎಲ್ಲರೂ ಸೇರಿ ಬರೆದುಕೊಟ್ಟಿದ್ದೇವೆ. "ಮುಂದಿನ ತಿಂಗ್ಳಾ ಮಾಡಸ್ತೇನಿ, ಮೆಟ್ಲಾಗ ಬಲ್ಬ್ ಮಾತ್ರ ಈ ವಾರನ" ಎಂದಿದ್ದಾರೆ ಕಾಕಾ.

ನನ್ನ ಸಲಹೆ ಕೇಳುವುದಾದರೆ: ಹಾಲ್‌ನ ಸೀಟೇ ತೆಗೆದುಕೊಳ್ಳಿ, ಸಿಕ್ಕರೆ ಉತ್ತರದ ಕಿಟಕಿಯ ಸಾಲು. ಸೇರುವ ಮೊದಲು ₹50 ಕೊಟ್ಟು ಒಂದು ದಿನದ ಪಾಸ್ ಪಡೆಯಬಹುದು. ಬೆಳಗ್ಗೆ ಹೋಗಬೇಡಿ, ಬೆಳಗ್ಗೆ ಎಲ್ಲ ಜಾಗವೂ ಚೆಂದವೇ. ಊಟವಾದ ಮೇಲೆ ಎರಡಕ್ಕೆ ಹೋಗಿ, ಲೈಟ್ ಹಚ್ಚುವ ಹೊತ್ತಿನವರೆಗೂ ನಿಮ್ಮದೇ ಪುಸ್ತಕ ಹಿಡಿದು ಕೂತು, ಮೊಬೈಲಿನಲ್ಲಿ ಟ್ಯೂಬನ್ನೊಮ್ಮೆ ನೋಡಿ, ಆಮೇಲೆ ತಿಂಗಳ ದುಡ್ಡು ಕಟ್ಟಿ.